ಎಂಟು ಹಕ್ಕಿಗಳ ಬಾಲ

ನವೆಂಬರ್ 28

ಪಿಂಗಾಣಿ ನಾಯಿಯ ಕಿವಿ ಕೊನೆಗೂ ಕೂತಿತು. ಮೂರನೇ ಸಲ. ಬೆರಳಿಗೆಲ್ಲ ಅಂಟು — ಪೆನ್ನು ಹಿಡಿದರೆ ಬಿಡಲೊಲ್ಲದು. ಅಂಗಡಿಯ ಯಜಮಾನರು ಕನ್ನಡಕ ಹಣೆಗೇರಿಸಿ ನೋಡಿದರು. ಇನ್ನು ಈ ನಾಯಿ ನಿನ್ನ ಮಾತು ಕೇಳುತ್ತೆ ಬಿಡು ಅಂದರು. ಅವರ ಹಳೇ ಸಾಮಾನಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ರಿಪೇರಿಗೆ ಕೂರಲು ಶುರುಮಾಡಿದಾಗಿನಿಂದ ಇಂಥದೇ ಜೋಕು. ಆದರೂ ನಗು ಬರುತ್ತೆ.

ಇವತ್ತಿನ ಸುಖ: ಒಂದು ನಶ್ಯದ ಡಬ್ಬಿ. ಹಿತ್ತಾಳೆ, ಹೆಬ್ಬೆರಳಿನಷ್ಟು. ಮುಚ್ಚಳದ ಮೇಲೆ ಯಾರೋ ಮೊಳೆಯಿಂದ ಮೀನು ಗೀಚಿದ್ದಾರೆ. ಒಂದು ಕಣ್ಣು ದೊಡ್ಡದು. ಯಾರಪ್ಪಾ ನೀನು, ಬೇಜಾರಾಗಿ ಗೀಚಿದೆಯೋ, ಪ್ರೀತಿಗೋ... ಸಂಜೆಯವರೆಗೂ ಜೇಬಿನಲ್ಲಿಟ್ಟುಕೊಂಡು ಆಗಾಗ ಮುಟ್ಟಿ ನೋಡುತ್ತಿದ್ದೆ.

ಮನೆಗೆ ಬಂದರೆ ಮೆಣಸು ಬಾಗಿಲು ಹಾಕಿಕೊಂಡಿದ್ದಾಳೆ. ನನ್ನ ಗಂಡನ ಮಗಳು. ಮನೆಯವರಿಗೆಲ್ಲ ಚಿನ್ನಿ, ಮೆಣಸು ಅನ್ನುವುದು ಈ ಡೈರಿಯಲ್ಲಿ ಮಾತ್ರ. ಹನ್ನೆರಡು ವರ್ಷ. ಗಾತ್ರ ಇಷ್ಟೇ, ಖಾರ ಬೇಕಾದಷ್ಟು. ಈ ಮನೆಗೆ ನಾನು ಎರಡನೆಯವಳಾಗಿ ಬಂದು ಜೂನ್‌ಗೆ ವರ್ಷ ತುಂಬಿತು. ಇನ್ನೂ 'ಆಂಟಿ'. ಇರಲಿ, ಬೇರೆ ಹೆಸರು ಬೇಕೆಂದು ನಾನೂ ಕೇಳಿಲ್ಲ. ಮಾತಾಡುವಾಗ ಮುಖ ನೋಡಿದರೆ ಸಾಕಿತ್ತು.

ಡಿಸೆಂಬರ್ 1

ಇವರು ಅಟ್ಟದಿಂದ ತಗಡಿನ ಡಬ್ಬಿಯೊಂದನ್ನು ಇಳಿಸಿದರು. ಒಳಗೆ ಹತ್ತಿ. ಹತ್ತಿಯೊಳಗೆ ಮಣ್ಣಿನ ಹಕ್ಕಿಗಳು, ಎಂಟು. ಮುಷ್ಟಿಯಲ್ಲಿ ಮುಚ್ಚಿಡಬಹುದು, ಅಷ್ಟು ಪುಟ್ಟವು. ಮೆಣಸಿನ ಅಮ್ಮ ಮಾಡಿದ್ದು. ವರ್ಷದ ಕೊನೆಯ ರಜೆ ಬಂತೆಂದರೆ ಹೊಸದೊಂದು ಹಕ್ಕಿ. ಹಳೆಯವುಗಳ ಜೊತೆ ಪೋಣಿಸಿ ನಡುಮನೆಯ ಕಿಟಕಿಗೆ ತೂಗುಹಾಕುವುದು. ಶಾಲೆ ಮತ್ತೆ ಶುರುವಾಗುವವರೆಗೂ ಅಲ್ಲೇ. ಈ ಮನೆಯದೇ ಪದ್ಧತಿ, ಬೇರೆಲ್ಲೂ ಕೇಳಿಲ್ಲ. ಅವಳು ತೀರಿಕೊಂಡ ಮೇಲೆ ಡಬ್ಬಿಯನ್ನು ಯಾರೂ ಇಳಿಸಿರಲಿಲ್ಲ.

ಕೈಗೆತ್ತಿಕೊಂಡೆ. ಕಲಿತ ಕೈಯಲ್ಲ. ಆದರೆ ಒಂದೊಂದಕ್ಕೂ ಒಂದೊಂದು ಸ್ವಭಾವ. ಒಂದು ಕತ್ತು ಓರೆ ಮಾಡಿಕೊಂಡು ಜಗಳಕ್ಕೆ ನಿಂತಿದೆ. ಇನ್ನೊಂದಕ್ಕೆ ನಿದ್ದೆ. ಮತ್ತೊಂದು ಏನೋ ಕದ್ದು ತಿಂದಂತಿದೆ. ಖುಷಿಯಾಯಿತು. ಹೊಟ್ಟೆಕಿಚ್ಚೂ ಆಯಿತು. ಇಲ್ಲಿ ಸುಳ್ಳು ಬರೆದೇನು ಪ್ರಯೋಜನ.

ಎಂಟಕ್ಕೂ ಬಾಲದ ತುದಿ ಮುಕ್ಕಾಗಿದೆ. ಇವರನ್ನು ಕೇಳಿದೆ. ಮೊದಲಿಂದ ಹಾಗೇ ಇತ್ತೇನೋ, ಗೊತ್ತಿಲ್ಲ ಅಂದರು. ಪಂಪ್‌ಹೌಸಿನ ಶಿಫ್ಟ್ ಮುಗಿಸಿ ಬಂದು ಮಲಗುವ ಮನುಷ್ಯ. ನಮ್ಮ ಮನೆಗೆ ಯಾವ ಬಣ್ಣ ಅಂತ ಕೇಳಿದರೂ ಹೊರಗೆ ಹೋಗಿ ನೋಡಿ ಬಂದು ಹೇಳಬೇಕು. ನೀನೇ ಸರಿ ಮಾಡಿಬಿಡು, ಅವಳಿಗೆ ಖುಷಿಯಾಗುತ್ತೆ ಅಂದರು. ನನಗೆ ಅದಕ್ಕಿಂತ ದೊಡ್ಡ ಆಸೆ ಹುಟ್ಟಿತು. ಈ ಹಕ್ಕಿಗಳ ನೆಪದಲ್ಲಾದರೂ ಹುಡುಗಿ ನನ್ನ ಕಡೆ ತಿರುಗಿಯಾಳು.

ಡಿಸೆಂಬರ್ 4, ಮಧ್ಯಾಹ್ನ, ಅಂಗಡಿ

ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ಹಕ್ಕಿಗಳ ಕೆಲಸ. ಸೀಮೆಸುಣ್ಣದ ಪುಡಿ, ಅಂಟು — ಕಲಸಿ ಲೇಪ ಮಾಡಿ ತುಂಬುವುದು, ಒಣಗಿದ ಮೇಲೆ ಉಜ್ಜುವುದು, ಬಣ್ಣ ಹಚ್ಚುವುದು. ಒಂದು ಸಂಗತಿ ವಿಚಿತ್ರ. ಮುಕ್ಕಾದ ಕಡೆ ಅಂಚು ಚೂಪಾಗಿಲ್ಲ, ನುಣ್ಣಗಿದೆ. ಹೊಸದಾಗಿ ಒಡೆದಿದ್ದರೆ ಹೀಗಿರದು. ಗಾಳಿಗೆ ತೂಗಾಡಿ ಬಾಲ ಕಿಟಕಿಯ ಕಂಬಿಗೆ ತಾಗಿ ತಾಗಿ ಸವೆದಿರಬೇಕು. ಎಂಟಕ್ಕೂ ಬಾಲವೇ ಯಾಕೆ ಅನ್ನುವುದಕ್ಕೂ ಅದೇ ಉತ್ತರ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಎಲ್ಲಕ್ಕಿಂತ ಚಿಕ್ಕದು, ಮೊದಲ ವರ್ಷದ್ದಿರಬೇಕು, ತುಂಬ ಮೆದು. ಲೇಪ ಬೀಳೀತೆಂಬ ಭಯಕ್ಕೆ ಅದೊಂದಕ್ಕೆ ಗಟ್ಟಿ ಅಂಟು ಹಾಕಿದೆ. ಯಜಮಾನರಿಗೆ ಗೊತ್ತಾದರೆ ಬೈಯುತ್ತಾರೆ. ತೆಗೆಯೋಕಾಗದ್ದನ್ನ ಹಾಕಬೇಡ ಅನ್ನುವುದು ಅವರ ಒಂದೇ ಉಪದೇಶ.

ಮೆಣಸಿನ ಅಮ್ಮ ಬಳಿದ ಹಸಿರನ್ನು ಹೊಂದಿಸಲು ನಾಲ್ಕು ಬಾರಿ ಕಲಸಿ ಸೋತೆ. ಐದನೆಯದಕ್ಕೆ ಸಿಕ್ಕಿತು. ಇಂಥ ಗಳಿಗೆಯಲ್ಲಿ ನನಗೆ ಬೇರೇನೂ ಬೇಡ. ಎಲ್ಲಿ ಅವಳ ಕೈ ಮುಗಿದು ನನ್ನ ಕೈ ಶುರುವಾಗಿದೆ ಅಂತ ನನಗೇ ಕಾಣದು.

ಡಿಸೆಂಬರ್ 9

ಮೆಣಸು ಶಾಲೆಯಿಂದ ಬರುವ ಹೊತ್ತಿಗೆ ಕಿಟಕಿಗೆ ಕಟ್ಟಿಟ್ಟಿದ್ದೆ. ಇವರೂ ಶಿಫ್ಟ್ ಬದಲಾಯಿಸಿಕೊಂಡು ಕಾದಿದ್ದರು.

ಬಂದಳು. ಬ್ಯಾಗು ಹೆಗಲಲ್ಲೇ ಇತ್ತು. ಹಕ್ಕಿಗಳನ್ನು ನೋಡಿದ ಮೊದಲ ಕ್ಷಣ ಮುಖ ಅರಳಿತು, ಅದು ಸುಳ್ಳಲ್ಲ, ಇವರೂ ನೋಡಿದ್ದಾರೆ. ಹತ್ತಿರ ಹೋದಳು. ಒಂದರ ಬಾಲ ಮುಟ್ಟಿದಳು. ಇನ್ನೊಂದರದ್ದು. ಬೆರಳು ಒಂದೊಂದಾಗಿ ಕೊನೆಯವರೆಗೂ ಹೋಯಿತು. ಆಮೇಲೆ ಮತ್ತೆ ಮೊದಲಿನದಕ್ಕೆ.

"ಚೆನ್ನಾಗಿದೆ ಆಂಟಿ."

ಅಷ್ಟೇ. ಒಳಗೆ ಹೋದಳು. ಊಟಕ್ಕೆ ಬರಲಿಲ್ಲ. ಇವರು ಹೊಟ್ಟೆನೋವಿರಬೇಕು ಅಂದರು. ಹೊಟ್ಟೆನೋವಲ್ಲ. ಏನು ಅಂತ ನನಗೂ ಗೊತ್ತಿಲ್ಲ.

ಡಿಸೆಂಬರ್ 10

ಬೆಳಿಗ್ಗೆ ಕಿಟಕಿ ಖಾಲಿ. ಹಕ್ಕಿಗಳು ಡಬ್ಬಿಯಲ್ಲಿ, ಡಬ್ಬಿ ನನ್ನ ಮೇಜಿನ ಮೇಲೆ. ಅವಳ ಕೋಣೆಯಲ್ಲಲ್ಲ, ಅಟ್ಟದಲ್ಲೂ ಅಲ್ಲ. ಇವು ನಮ್ಮವಲ್ಲ, ಆಂಟಿಗೇ ಇರಲಿ ಅಂದಳಂತೆ ಅಪ್ಪನ ಹತ್ತಿರ.

ಶನಿವಾರದಿಂದ ರಜೆ. ಅಜ್ಜಿಯ ಮನೆಗೆ ಹೋಗುತ್ತಾಳಂತೆ, ಅವಳ ಅಮ್ಮನ ತವರಿಗೆ. ಇಷ್ಟು ಬೇಗ ಯಾವತ್ತೂ ಹೋಗಿರಲಿಲ್ಲ.

ಡಿಸೆಂಬರ್ 15

ಅಜ್ಜಿಯ ಫೋನು. ಮಗು ಇನ್ನು ಇಲ್ಲೇ ಇರ್ತೀನಿ ಅಂತಿದೆ. ಜನವರಿಯಿಂದ ಇಲ್ಲಿನ ಶಾಲೆಗೇ ಸೇರಿಸೋಣ, ನೀವು ಟಿ.ಸಿ. ತೆಗೆಸಿಕೊಡಿ. ಇವರು ಹೂಂ ಹೂಂ ಅನ್ನುತ್ತಲೇ ಕುರ್ಚಿಯಲ್ಲಿ ಕುಸಿದರು. ಟೀ ಆರಿ ಕೆನೆ ಕಟ್ಟಿತು.

ನಾನು ಫೋನು ಕೇಳಿ ತೆಗೆದುಕೊಂಡೆ. ಅಷ್ಟರಲ್ಲಿ ಆ ಕಡೆ ಅವಳ ಚಿಕ್ಕಮ್ಮ ತೆಗೆದುಕೊಂಡಿದ್ದಳು, ತೀರಿಕೊಂಡವಳ ತಂಗಿ. ನನ್ನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ನೇರ ಹೆಂಗಸು. ಏನು ತಪ್ಪಾಯಿತು ಅಂತ ಹೇಳಿಬಿಡಿ ಅಂದೆ.

"ಅದು ಮುಕ್ಕಾಗಿದ್ದಲ್ಲ," ಅಂದಳು. "ಅವಳ ಹಲ್ಲು."

ಮೊದಲ ವರ್ಷ ಅಮ್ಮ ಹಸಿಮಣ್ಣಿನ ಹಕ್ಕಿ ಮಾಡಿ ಪಕ್ಕಕ್ಕಿಟ್ಟಿದ್ದಳಂತೆ. ಮಡಿಲಲ್ಲಿದ್ದ ಕೂಸು ಎಳೆದುಕೊಂಡು ಬಾಲ ಕಚ್ಚಿಬಿಟ್ಟಿತು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳಂತೆ. ಸರಿಪಡಿಸದೆ ಹಾಗೇ ಬಿಟ್ಟಳು. ಅಲ್ಲಿಂದ ಪ್ರತಿ ರಜೆಯಲ್ಲೂ ಹಸಿ ಹಕ್ಕಿಯನ್ನು ಮಗಳ ಬಾಯಿಗೆ ಹಿಡಿಯುವುದು, ಹಾಕು ನಿನ್ನ ಸಹಿ ಅನ್ನುವುದು, ಆಮೇಲೆ ಕುಂಬಾರನ ಆವಿಗೆಗೆ ಕೊಟ್ಟು ಸುಡಿಸುವುದು.

ಅಂಚು ಯಾಕೆ ನುಣ್ಣಗಿತ್ತು ಅಂತ ಈಗ ಗೊತ್ತಾಯಿತು. ಹಸಿಯಲ್ಲಿ ಆದ ಗುರುತು, ಬೆಂಕಿಯಲ್ಲಿ ನಿಂತ ಗುರುತು. ಇದನ್ನು ಗುರುತಿಸುವುದೇ ನನ್ನ ಕಸುಬು. ಎಂಟು ವರ್ಷದ ಹಲ್ಲನ್ನು ಸೀಮೆಸುಣ್ಣ ತುಂಬಿ ಉಜ್ಜಿ ನುಣ್ಣಗೆ ಮಾಡಿದ್ದೇನೆ. ಮೇಲೆ ಅಮ್ಮನದೇ ಹಸಿರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಡಿಸೆಂಬರ್ 16

ಇವರ ಮೇಲೆ ಹರಿಹಾಯ್ದೆ. ಎಂಟು ವರ್ಷ ಈ ಮನೆಯಲ್ಲಿ ನೀವು ಅಪ್ಪನಾಗಿದ್ದಿರೋ ಬಾಡಿಗೆಗಿದ್ದಿರೋ ಅಂದೆ. ಅನ್ನಬಾರದಿತ್ತು. ಅವಳು ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದಳು, ನಾನು ದುಡಿದರೆ ಸಾಕು ಅಂದುಕೊಂಡಿದ್ದೆ ಅಂದರು. ಆ ಮುಖ ನೋಡಿ ನನ್ನ ಸಿಟ್ಟು ಇಳಿಯಿತು. ಕಣ್ಣಿಗೆ ಕಂಡೂ ತಲೆಗೆ ಹತ್ತದವಳು ನಾನು, ಇವರನ್ನೇನು ಅನ್ನುವುದು.

ಟಿ.ಸಿ.ಗೆ ಅರ್ಜಿ ಬರೆಯಲು ಕೂತರು. ಮಗು ಕೇಳಿದ್ದನ್ನು ಇಲ್ಲ ಅನ್ನಲಾರೆ ಅಂತಾರೆ. ನಾನು ಹೇಳಿದ್ದು ಒಂದೇ: ನಾನು ಹಾಕಿದ್ದನ್ನು ತೆಗೆಯುವವರೆಗೆ ತಡೆಯಿರಿ.

ತೆಗೆದರೆ ಬರುತ್ತಾಳೆ ಅಂತೇನಿಲ್ಲ. ಆದರೆ ತೆಗೆಯದೆ ಬಾ ಅನ್ನಲು ನನಗೆ ಬಾಯಿಲ್ಲ.

ಡಿಸೆಂಬರ್ 18, ಅಂಗಡಿ

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ. ಒತ್ತಿ ಹಿಡಿಯುವುದು, ಕಾಯುವುದು, ಬಿದಿರಕಡ್ಡಿಯಿಂದ ಬಿಡಿಸುವುದು. ಉಸಿರು ಜೋರಾಗಿ ಬಿಟ್ಟರೂ ಭಯ. ಮೊದಲನೆಯದು ಬಿಟ್ಟಿತು. ಲೇಪದಡಿ ಸಾಲಾಗಿ ನಾಲ್ಕು ಗುಳಿ. ದೀಪದ ಕೆಳಗೆ ಓರೆಯಾಗಿ ಹಿಡಿದೆ. ಹಲ್ಲೇ. ಹಲ್ಲಲ್ಲದೆ ಇನ್ನೇನು. ಕುರುಡಿಗೂ ಗೊತ್ತಾಗುತ್ತಿತ್ತು.

ಸಂಜೆಯೊಳಗೆ ಮೂರು ಬಿಡಿಸಿದೆ. ಒಂದರಲ್ಲಿ ನಡುವೆ ಗುರುತಿಲ್ಲ — ಮುಂದಿನ ಹಲ್ಲು ಬಿದ್ದ ವರ್ಷ. ಅದರ ಮುಂದಿನದರಲ್ಲಿ ಹೊಸ ಹಲ್ಲು, ಅಗಲ, ಒಂದು ಪಕ್ಕ ಕೊಂಚ ಏರು. ಫೋಟೋದಲ್ಲೂ ಮಗು ಇಷ್ಟು ಸ್ಪಷ್ಟವಾಗಿ ಬೆಳೆಯುವುದಿಲ್ಲ. ಅಮ್ಮನ ಹೆಬ್ಬೆರಳಿನ ಒತ್ತೂ ಇದೆ, ಬಾಲದ ಅಡಿಗೆ, ಮಗಳ ಬಾಯಿಗೆ ಹಿಡಿದ ಜಾಗದಲ್ಲಿ. ಅದನ್ನೂ ಮುಚ್ಚಿದ್ದೆ.

ಅತ್ತುಬಿಟ್ಟೆ. ಯಜಮಾನರು ನೋಡಿದರೂ ನೋಡದ ಹಾಗೆ ಗಡಿಯಾರಕ್ಕೆ ಕೀಲಿ ಕೊಡುತ್ತ ನಿಂತರು. ಅಂಗಡಿಯ ಗಡಿಯಾರ ಒಂದೂ ನಡೆಯುವುದಿಲ್ಲ.

ಡಿಸೆಂಬರ್ 20

ಏಳು ಮುಗಿದವು. ಏಳೂ ಕ್ಷೇಮ. ಉಳಿದದ್ದು ಎಲ್ಲಕ್ಕಿಂತ ಚಿಕ್ಕದು, ಗಟ್ಟಿ ಅಂಟಿನದು. ಸ್ಪಿರಿಟ್ಟಿಗೆ ಜಗ್ಗುವುದಿಲ್ಲ. ನಾಳೆ ಬಿಸಿನೀರಿನ ಹತ್ತಿ ಇಟ್ಟು ನೋಡಬೇಕು. ಅದರಲ್ಲೇ ಮೊದಲ ಹಲ್ಲು ಇರುವುದು. ಇವತ್ತು ಮುಟ್ಟುವುದಿಲ್ಲ.

ಡಿಸೆಂಬರ್ 21

ಹೋಯಿತು.

ಬಿಸಿನೀರಿನ ಹತ್ತಿ ಇಟ್ಟು ಐದು ನಿಮಿಷವೂ ಆಗಿಲ್ಲ. ಲೇಪ ಸಡಿಲವಾಯಿತು ಅಂದುಕೊಂಡು ಕಡ್ಡಿ ತಾಗಿಸಿದೆ. ಬಾಲವೇ ಜಾರಿತು. ಕೆಸರು. ನನ್ನ ಬೆರಳ ನಡುವೆ ಬರೀ ಕೆಸರು. ಸುಟ್ಟ ಮಣ್ಣಾದರೆ ನೀರಿಗೆ ಕರಗದು. ಚಿಕ್ಕಮ್ಮನಿಗೆ ಫೋನು ಮಾಡಿ ಕೇಳಿದೆ. ಆ ಮೊದಲ ವರ್ಷ ಕುಂಬಾರ ಗಿಂಬಾರ ಇರಲಿಲ್ಲ ಅಂದಳು. ಬಿಸಿಲಿಗೆ ಒಣಗಿಸಿ ಬಣ್ಣ ಬಳಿದದ್ದು. ಅದಕ್ಕೇ ಅಷ್ಟು ಮೆದು. ಮೆದು ಅಂತ ಕೈಗೆ ತಿಳಿದಾಗಲೇ ತಲೆಗೂ ತಿಳಿಯಬೇಕಿತ್ತು.

ಹಕ್ಕಿ ಉಳಿದಿದೆ. ಬಾಲವಿಲ್ಲ. ಕೆಸರನ್ನು ಬಟ್ಟಲಿಗೆ ಬಳಿದಿಟ್ಟೆ. ಎರಡು ಪುಟ್ಟ ಹಲ್ಲು, ಮಗುವಿನ ಬಾಯಲ್ಲಿ ಮೊದಲು ಹುಟ್ಟಿದ್ದು... ಈಗ ಎಲ್ಲಿಂದ ತರಲಿ.

ಡಿಸೆಂಬರ್ 22

ಯಜಮಾನರು ಬಟ್ಟಲು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲೆಳೆದು ಕೂತು, ಅಷ್ಟೇ ತಾನೇ, ಹೊಸ ಬಾಲ ಮಾಡು, ಎರಡು ಗುಳಿ ಒತ್ತು, ನಿನ್ನ ಕೈಯಲ್ಲಿ ಆದದ್ದು ಯಾರಪ್ಪನಿಗೂ ಗೊತ್ತಾಗಲ್ಲ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಮಗು ವಾಪಸ್ ಬರೋದು ಮುಖ್ಯವೋ, ನಿನ್ನ ಹಠವೋ ಅಂತಲೂ ಕೇಳಿದರು.

ಮಾಡಿದೆ. ಹೌದು, ಮಾಡಿದೆ. ಸೀಮೆಸುಣ್ಣದ ಲೇಪದಲ್ಲೇ ಬಾಲ ತಿದ್ದಿ, ಕಡ್ಡಿಯ ತುದಿಯನ್ನು ಉಜ್ಜಿ ಹಾಲುಹಲ್ಲಿನ ಆಕಾರಕ್ಕೆ ತಂದೆ. ಎರಡು ಒತ್ತು. ಒಂದು ಕೂದಲೆಳೆಯಷ್ಟು ಆಳ ಹೆಚ್ಚು, ಮಗು ತಲೆ ಅಲ್ಲಾಡಿಸಿರುತ್ತೆ ಅಂತ. ಬಣ್ಣ. ಹಳೆಯದಾಗಿ ಕಾಣಲು ಕೊಂಚ ಟೀ ನೀರು. ನನ್ನ ಆಯುಷ್ಯದಲ್ಲಿ ಇಷ್ಟು ಒಳ್ಳೆ ಕೆಲಸ ಮಾಡಿಲ್ಲ.

ಯಜಮಾನರಿಗೂ ತೋರಿಸದೆ ಬಟ್ಟೆಯಲ್ಲಿ ಸುತ್ತಿಟ್ಟೆ.

ಡಿಸೆಂಬರ್ 26

ನಾಳಿದ್ದು ಬರುತ್ತಾಳಂತೆ. ಉಳಿಯಲಿಕ್ಕಲ್ಲ. ಪುಸ್ತಕ, ಬಟ್ಟೆ ತೆಗೆದುಕೊಂಡು ಹೋಗಲು. ಚಿಕ್ಕಮ್ಮ ಜೊತೆಗೆ ಬರುತ್ತಾಳೆ, ಟಿ.ಸಿ. ಅರ್ಜಿಗೆ ಇವರ ಸಹಿ ಬೇಕು. ಇವರು ಅವಳ ಕೋಣೆಯ ಫ್ಯಾನು ಒರೆಸುತ್ತಿದ್ದರು, ಈ ಚಳಿಯಲ್ಲಿ.

ಹಕ್ಕಿ ಎದುರಿಗಿದೆ. ಎಂಟೂ ಬಾಲ ಸರಿಯಾಗಿದ್ದರೆ ಅವಳು ಉಳಿದಾಳು. ಏಳೇ ಇದ್ದರೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಕೂತ ಹಾಗಾಗಿದೆ, ನುಂಗಲೂ ಆಗದು, ಉಗುಳಲೂ ಆಗದು.

ಅವಳು ಉಳಿಯಬೇಕು. ನನಗೆ ಬೇಕು. ಇವರಿಗಾಗಿ ಅಂತ ಇಷ್ಟು ದಿನ ಹೇಳಿಕೊಂಡೆ, ಅಲ್ಲ. ಸಂಜೆ ಮನೆಗೆ ಬಂದಾಗ ಆ ಮುಚ್ಚಿದ ಬಾಗಿಲಾದರೂ ನನಗೆ ಬೇಕು.

ಡಿಸೆಂಬರ್ 27

ಸುಳ್ಳು ಬಾಲ ಕಿತ್ತೆ. ನಲ್ಲಿಯಡಿ ಹಿಡಿದು ಪುಡಿ ಮಾಡಿದೆ. ಒಂದು ಸಲ ಗೊತ್ತಿಲ್ಲದೆ ಅವಳ ಹಲ್ಲು ಅಳಿಸಿದ್ದಾಯಿತು. ಗೊತ್ತಿದ್ದೂ ಗೊತ್ತಿದ್ದೂ ಬೇರೆ ಹಲ್ಲು ಇಟ್ಟರೆ ಆ ಕಿಟಕಿಯ ಮುಂದೆ ನಾನು ಜೀವಮಾನದಲ್ಲಿ ನಿಲ್ಲಲಾರೆ.

ನಿಜವಾದ ಕೆಸರು ಬಟ್ಟಲಲ್ಲಿ ಒಣಗಿ ಪುಡಿಯಾಗಿದೆ. ಒಂದು ಚಮಚ ಆದೀತು.

ಡಿಸೆಂಬರ್ 28, ಸಂಜೆ

ಹನ್ನೊಂದಕ್ಕೆ ಬಂದರು. ಮೆಣಸು ಬಾಯಿ ಬಿಗಿದುಕೊಂಡಿದ್ದಳು. ಸಿಟ್ಟು ಅಂದುಕೊಂಡೆ. ಅಪ್ಪ ಏನೋ ಕೇಳಿದಾಗ ತುಟಿ ತೆರೆದಳು — ಹಲ್ಲಿಗೆಲ್ಲ ಕ್ಲಿಪ್ಪು. ಹೋದ ವಾರ ಚಿಕ್ಕಮ್ಮ ಕರೆದುಕೊಂಡು ಹೋಗಿ ಹಾಕಿಸಿದ್ದಂತೆ. ನೋವಿದೆ, ಗಂಜಿಯಂಥದ್ದೇ ತಿನ್ನುತ್ತಿದ್ದಾಳೆ. ನಗಬಾರದ ಹೊತ್ತಿನಲ್ಲಿ ನನಗೆ ನಗು ಬಂದುಬಿಟ್ಟಿತ್ತು, ತಡೆದೆ.

ಡಬ್ಬಿ ತಂದು ಅವಳೆದುರು ಇಟ್ಟೆ. ಭಾಷಣ ತಯಾರು ಮಾಡಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ಮುಕ್ಕಾಗಿದೆ ಅಂದುಕೊಂಡೆ, ತುಂಬಿದೆ, ಈಗ ತೆಗೆದಿದ್ದೇನೆ ಅಂದೆ. ಏಳು ಮಾತ್ರ ಬಂತು ಅಂದೆ. ಎಂಟನೆಯದನ್ನು ತಟ್ಟೆಯಲ್ಲಿಟ್ಟಿದ್ದೆ, ಪಕ್ಕದಲ್ಲಿ ಆ ಬಟ್ಟಲು.

ಏಳನ್ನೂ ಉಗುರಿನಿಂದ ತಡವಿದಳು. ಹಲ್ಲು ಬಿದ್ದ ವರ್ಷದ್ದನ್ನು ತುಂಬ ಹೊತ್ತು ಹಿಡಿದಿದ್ದಳು. ಆಮೇಲೆ ಬಾಲವಿಲ್ಲದ್ದನ್ನು. ಕಣ್ಣು ತುಂಬಿಕೊಂಡಿತು, ಹನಿ ಬೀಳಲಿಲ್ಲ. ಆ ಹುಡುಗಿಯ ಹಠ ಅಂಥದ್ದು.

"ನೀವು ಬೇರೆ ಬಾಲ ಮಾಡಿ ಅಂಟಿಸಬಹುದಿತ್ತಲ್ಲ? ನನಗೆ ಗೊತ್ತಾಗ್ತಿರಲಿಲ್ಲ."

"ಮಾಡಿದ್ದೆ. ಕಿತ್ತುಹಾಕಿದೆ."

"ಯಾಕೆ?"

"ಅದು ನಿನ್ನ ಹಲ್ಲಲ್ಲ."

ಮುಖ ನೋಡಿದಳು. ಈ ಮನೆಗೆ ಬಂದ ಮೇಲೆ ಮೊದಲ ಸಲ ಅಂತ ಬರೆದರೆ ಹೆಚ್ಚಾದೀತೇನೋ. ಆದರೆ ಹಾಗೇ ಅನಿಸಿತು. ತಟ್ಟೆ, ಬಟ್ಟಲು ಎರಡನ್ನೂ ತೆಗೆದುಕೊಂಡು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು.

ಬಸ್ಸಿಗೆ ಹೊತ್ತಾಯಿತು ಅಂತ ಚಿಕ್ಕಮ್ಮ ಎರಡು ಸಲ ಕರೆದಳು. ಇವರು ಅರ್ಜಿಯನ್ನು ಮುಂದಿಟ್ಟುಕೊಂಡು ಪೆನ್ನಿನ ಕ್ಯಾಪು ಹಾಕುವುದು, ತೆಗೆಯುವುದು. ಕೊನೆಗೆ ಒಳಗಿನಿಂದ ಮಾತು ಬಂತು. ಚಿಕ್ಕಮ್ಮ, ನೀನು ಹೊರಡು, ನಾನು ನಾಳೆ ಬರ್ತೀನಿ.

ನಾಳೆ. ಒಂದು ದಿನ ಸಿಕ್ಕಿತು, ಅಷ್ಟೇ. ಹೆಚ್ಚಿಗೆ ಆಸೆ ಪಡುವುದಿಲ್ಲ ಅಂತ ಬರೆದುಕೊಳ್ಳುತ್ತೇನೆ. ಪಡುತ್ತಿದ್ದೇನೆ.

ಡಿಸೆಂಬರ್ 29

ಬೆಳಿಗ್ಗೆ ಗಂಜಿ ಕುಡಿಯುತ್ತ, ನನ್ನ ಕಡೆ ನೋಡದೆ, ನಿಮ್ಮ ಅಂಗಡಿಯಲ್ಲಿ ಮಣ್ಣಿದೆಯಾ ಅಂತ ಕೇಳಿದಳು. ಇದೆ ಅಂದೆ. ಇರಲಿಲ್ಲ. ಓಡಿದೆ. ಯಜಮಾನರು ಅಂಗಡಿ ಬಾಗಿಲು ಹಾಕಿ ತಾವೇ ಕುಂಬಾರನ ಹತ್ತಿರ ಹೋಗಿ ತಂದುಕೊಟ್ಟರು. ಮಳೆಗಾಲದ ಚಪ್ಪಲಿಯಲ್ಲಿ, ಈ ವಯಸ್ಸಿನಲ್ಲಿ.

ಹಿತ್ತಿಲ ಕಟ್ಟೆಯ ಮೇಲೆ ಕೂತು ನಾದಿದಳು. ನನಗೆ ಹೇಳಿಕೊಡು ಅನ್ನಲಿಲ್ಲ, ನಾನೂ ಬಾಯಿ ಹಾಕಲಿಲ್ಲ. ನಾಲಿಗೆ ಕಚ್ಚಿಕೊಂಡು ನೀರು ಮಾತ್ರ ಕೊಟ್ಟೆ. ನಡುವೆ ಎದ್ದು ಹೋಗಿ ಆ ಬಟ್ಟಲು ತಂದಳು. ಒಣಗಿದ ಪುಡಿಯನ್ನು ಮಣ್ಣಿಗೆ ಸುರಿದು ಮತ್ತೆ ನಾದಿದಳು. ಬೆಂಕಿ ಕಾಣದ ಮಣ್ಣಲ್ಲವೇ, ಸೇರಿಕೊಂಡಿತು.

ಹಕ್ಕಿ ಅಂದರೆ ಹಕ್ಕಿ. ಬದನೆಕಾಯಿಗೆ ಕೊಕ್ಕು ಇಟ್ಟ ಹಾಗಿದೆ. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಇವರು ಬಂದು ನೋಡಿ ಚೆನ್ನಾಗಿದೆ ಅಂದರು, ಬಾತುಕೋಳಿಯಾ ಅಂತ ಕೇಳಿ ಬೈಸಿಕೊಂಡರು. ಟಿ.ಸಿ. ಮಾತನ್ನು ಯಾರೂ ಎತ್ತಿಲ್ಲ. ಮಧ್ಯಾಹ್ನದ ಬಸ್ಸು ಹೋಯಿತು. ಸಂಜೆಗೂ ಒಂದಿದೆ.

ಆಮೇಲೆ ಹಕ್ಕಿಯನ್ನು ಎರಡು ಬೆರಳಲ್ಲಿ ಎತ್ತಿ, ಬಾಲವನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

"ಕಚ್ಚಿ."

ಅರ್ಥವಾಗಲಿಲ್ಲ. ಅರ್ಥವಾದರೂ ನಂಬಲಿಲ್ಲ. ನಾನಾ ಅಂದೆ.

"ನನಗೆ ಕ್ಲಿಪ್ ಇದೆ. ಮಣ್ಣು ಸಿಕ್ಕಿಕೊಳ್ಳುತ್ತೆ. ಅಪ್ಪ ಕಚ್ಚಿದ್ರೆ ಪೂರ್ತಿ ಬಾಲ ಹೋಗುತ್ತೆ. ನೀವೇ ಕಚ್ಚಿ."

ಬಾಯಿ ಮುಕ್ಕಳಿಸಿ ಬರುತ್ತೇನೆ ಅಂತ ಸುಳ್ಳು ಹೇಳಿ ಒಳಗೆ ಬಂದು ಕೂತಿದ್ದೇನೆ. ಪೆನ್ನಿಗೆಲ್ಲ ಮಣ್ಣು. ಅಳಬಾರದು, ಅತ್ತರೆ ಅವಳಿಗೆ ಆಗದು. ಎಷ್ಟು ಜೋರಾಗಿ ಕಚ್ಚಬೇಕೋ, ಅದೂ ಗೊತ್ತಿಲ್ಲ. ಕೂಗುತ್ತಿದ್ದಾಳೆ, ಒಣಗಿಬಿಡುತ್ತಂತೆ, ಬೇಗ ಬ—